ಸುಂಕದ ಕಟ್ಟೆಯಿಂದ ಕೈಫಿಯತ್ತಿನವರೆಗೆ: ಕರ್ನಲ್ ಕಾಲಿನ್ ಮೆಕೆಂಜಿ

ಪುಣೆಯ ಕೊಂಢವಾ ಪರಿಸರದ ಕನ್ನಡ ಮನೆಗಳಲ್ಲಿ ನಾಲ್ಕು ಜನ ಸೇರಿದರೆ ಒಂದು ಮಾತು ತಪ್ಪದೆ ಬರುತ್ತದೆ. ಕೈಯಲ್ಲಿರುವ ಕೆಲಸವನ್ನು ಬಿಟ್ಟು, ಕಲಿತ ವಿದ್ಯೆಯನ್ನೂ ಬದಿಗಿಟ್ಟು, ಹೊರದೇಶಕ್ಕೆ ಹೋಗಿ ಬೇರೆಯದೇ ಉದ್ಯೋಗ ಹಿಡಿಯುವುದು ಸರಿಯೇ? ಮೂವತ್ತರ ಅಂಚಿನಲ್ಲಿರುವ ಮಕ್ಕಳು ಹೊರಡುವ ಉತ್ಸಾಹದಲ್ಲಿರುತ್ತಾರೆ. ಊರಿನಲ್ಲಿರುವ ತಂದೆತಾಯಿಗಳು ಮೌನವಾಗಿರುತ್ತಾರೆ. ಇಂತಹ ಒಂದು ಸಂಜೆಯ ಮಾತುಕತೆಯ ನಡುವೆ ಈ ಲೇಖಕನಿಗೆ ನೆನಪಾದವರು, ಎರಡು ಶತಮಾನಗಳ ಹಿಂದೆ ಎದುರು ದಿಕ್ಕಿನಿಂದ ನಮ್ಮ ನಾಡಿಗೆ ಬಂದ ಒಬ್ಬ ಪರದೇಶಿ. ಅವರೇ ಕರ್ನಲ್ ಕಾಲಿನ್ ಮೆಕೆಂಜಿ. ಕರ್ನಾಟಕದ ಇತಿಹಾಸವನ್ನು ಓದಿದವರಿಗೆ ಅವರ ಹೆಸರು ಕೈಫಿಯತ್ತುಗಳ ಜೊತೆಯಲ್ಲಿ ಪರಿಚಿತ. ಆದರೆ ಅವರು ಮೊದಲು ಏನಾಗಿದ್ದರು, ಏನನ್ನು ಬಿಟ್ಟು ಬಂದರು ಎಂಬುದನ್ನು ತಿಳಿದವರು ಕಡಿಮೆ.

ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಸಾಗರದ ಗಾಳಿಗೆ ಒಡ್ಡಿಕೊಂಡಿರುವ ಲೂಯಿಸ್ ಎಂಬ ದ್ವೀಪವಿದೆ. ಅದರ ಮುಖ್ಯ ಪಟ್ಟಣ ಸ್ಟಾರ್ನೋವೇ. ಸುಮಾರು 1754ರಲ್ಲಿ ಮೆಕೆಂಜಿಯವರು ಅಲ್ಲಿ ಜನಿಸಿದರು. ತಂದೆ ಮರ್ಡಾಕ್ ಮೆಕೆಂಜಿ ವ್ಯಾಪಾರಿ, ಆ ಊರಿನ ಅಂಚೆಯ ಜವಾಬ್ದಾರಿಯನ್ನೂ ಹೊತ್ತವರು. ಇಂಗ್ಲಿಷಿನ ಸಾಮ್ರಾಜ್ಯ ಜಗತ್ತಿನುದ್ದಕ್ಕೂ ಹರಡುತ್ತಿದ್ದ ಕಾಲದಲ್ಲಿ ಆ ದ್ವೀಪದ ಜನರ ಮನೆಮಾತು ಇಂಗ್ಲಿಷ್ ಆಗಿರಲಿಲ್ಲ, ಗೇಲಿಕ್ ಆಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಯೌವನದಲ್ಲಿ ಮೆಕೆಂಜಿಯವರು ಸ್ಟಾರ್ನೋವೇ ಬಂದರಿನ ಸುಂಕದ ಕಚೇರಿಯಲ್ಲಿ ಲೆಕ್ಕಪತ್ರಗಳ ಅಧಿಕಾರಿಯಾದರು. ಬರುವ ಹಡಗು, ಇಳಿಯುವ ಸರಕು, ಕಟ್ಟಬೇಕಾದ ಸುಂಕ ಇವಿಷ್ಟೇ ಅವರ ದಿನಚರಿ. ಭದ್ರವಾದ ಕೆಲಸ, ಪಿಂಚಣಿಯವರೆಗೆ ಹಾಗೆಯೇ ಸಾಗಬಹುದಾಗಿದ್ದ ಬದುಕು. ಆದರೆ ಅವರ ಮನಸ್ಸು ಗಣಿತದಲ್ಲಿತ್ತು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ ಅವರ ಜೀವನಚರಿತ್ರೆಯನ್ನು ಬರೆಯಹೊರಟಿದ್ದ ಅದೇ ವಂಶದ ಫ್ರಾನ್ಸಿಸ್ ನೇಪಿಯರ್ ಪ್ರಭುಗಳು, ಹಿಂದೂ ಗಣಿತದ ಬಗ್ಗೆ ಮಾಹಿತಿ ಹುಡುಕುವ ಕೆಲಸದಲ್ಲಿ ಈ ತರುಣನ ನೆರವು ಪಡೆದಿದ್ದರು. ಪ್ರಭುಗಳು 1773ರಲ್ಲಿ ತೀರಿಕೊಂಡು ಆ ಗ್ರಂಥ ನಿಂತುಹೋಯಿತು. ಕುತೂಹಲ ಮಾತ್ರ ನಿಲ್ಲಲಿಲ್ಲ.

1783ರಲ್ಲಿ, ತಮ್ಮ ಇಪ್ಪತ್ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ಮೆಕೆಂಜಿಯವರು ಸುಂಕದ ಕೆಲಸವನ್ನು ಬಿಟ್ಟು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸಿನ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿದರು. ಕೆಡೆಟ್ ಎಂದರೆ ಹದಿಹರೆಯದ ಹುಡುಗರು ಹತ್ತುವ ಮೊದಲ ಮೆಟ್ಟಿಲು. ಆ ಹುಡುಗರ ಸಾಲಿನಲ್ಲಿ ಇವರು ಎಲ್ಲರಿಗಿಂತ ಹಿರಿಯರಾಗಿ ನಿಂತಿರಬೇಕು. ಅವರ ಮನೆತನಕ್ಕೆ ಆಶ್ರಯವಾಗಿದ್ದ ಸೀಫೋರ್ತ್ ಪ್ರಭುಗಳು ತಮ್ಮ ಸೈನ್ಯದೊಡನೆ ಭಾರತಕ್ಕೆ ಹೊರಟು 1781ರಲ್ಲಿ ಸಮುದ್ರದಲ್ಲಿಯೇ ಅಸುನೀಗಿದ್ದರು. ಆದುದರಿಂದ ಮದ್ರಾಸಿನಲ್ಲಿ ಇಳಿದಾಗ ಬೆನ್ನಿಗೆ ದೊಡ್ಡವರ ಬಲವೇನೂ ಇರಲಿಲ್ಲ.

ಬಂದ ಹೊಸದರಲ್ಲಿ ಅವರು ಮಧುರೆಗೆ ಹೋದರು. ನೇಪಿಯರ್ ಪ್ರಭುಗಳ ಮಗಳು ಹೆಸ್ಟರ್ ಜಾನ್‌ಸ್ಟನ್ ಪತಿಯೊಡನೆ ಅಲ್ಲಿ ನೆಲೆಸಿದ್ದರು. ಅವರ ಮನೆಯಲ್ಲಿ ಪಂಡಿತರ ಭೇಟಿಯಾಯಿತೆಂದೂ, ಈ ನಾಡಿನ ವಿದ್ಯೆಯನ್ನು ಸಂಗ್ರಹಿಸುವ ಸಂಕಲ್ಪ ಅಲ್ಲಿಯೇ ಮೂಡಿತೆಂದೂ ಆ ದಂಪತಿಗಳ ಮಗ ಅಲೆಗ್ಸಾಂಡರ್ ಜಾನ್‌ಸ್ಟನ್ ಮುಂದೆ ಹೇಳಿದ್ದಾರೆ. ಸಂಕಲ್ಪವೇನೋ ಮೂಡಿತು, ಅದಕ್ಕೆ ಕಾಲ ಕೂಡಿ ಬರಲಿಲ್ಲ. 1786ರಲ್ಲಿ ಎಂಜಿನಿಯರುಗಳ ದಳಕ್ಕೆ ಸೇರಿದ ಮೇಲೆ ನೆಲ್ಲೂರು, ಗುಂಟೂರು, ನಿಜಾಮರ ಸೀಮೆ, ಪುದುಚೇರಿ, ಸಿಂಹಳ ಎಂದು ಹದಿಮೂರು ವರ್ಷ ಯುದ್ಧ ಮತ್ತು ಅಳತೆಗಳಲ್ಲಿಯೇ ಕಳೆದುಹೋದವು. 1792ರಲ್ಲಿ ಕಾರ್ನ್‌ವಾಲಿಸರ ಸೈನ್ಯದಲ್ಲಿಯೂ 1799ರ ಕೊನೆಯ ಮುತ್ತಿಗೆಯಲ್ಲಿಯೂ ಅವರು ಶ್ರೀರಂಗಪಟ್ಟಣದ ಕೋಟೆಯ ಹೊರಗಿದ್ದರು. ಟಿಪ್ಪು ಸುಲ್ತಾನರು ಮಡಿದ ಆ ಯುದ್ಧದಲ್ಲಿ ಮೆಕೆಂಜಿಯವರು ಗೆದ್ದವರ ಕಡೆಯ ಎಂಜಿನಿಯರ್. ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳುವುದು ನ್ಯಾಯವಲ್ಲ.

ಯುದ್ಧ ಮುಗಿದ ಮೇಲೆ ಕಂಪನಿ, ನಿಜಾಮರು ಮತ್ತು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರು ಎಂದು ರಾಜ್ಯ ಹರಿದು ಹಂಚಿತು. ಹಂಚಿಕೆ ನಡೆದುದು ಕಂದಾಯದ ಪಟ್ಟಿಗಳ ಮೇಲೆ, ನಕಾಶೆಯ ಮೇಲಲ್ಲ. ಯಾವ ಹಳ್ಳಿ ಯಾರ ಪಾಲಿಗೆ ಬಂತು, ಗಡಿ ಯಾವ ಹಳ್ಳದ ಆಚೆ ಎಂಬುದನ್ನು ನೆಲದ ಮೇಲೆ ನಿಂತು ಗುರುತಿಸುವವರು ಬೇಕಾಗಿತ್ತು. ಆ ಕೆಲಸ ಮೆಕೆಂಜಿಯವರ ಪಾಲಿಗೆ ಬಂತು. ಸುಮಾರು 1800ರಿಂದ ಹತ್ತು ವರ್ಷ, ಚಿತ್ರದುರ್ಗದ ಸೀಮೆಯಿಂದ ಆರಂಭಿಸಿ, ಸುಮಾರು 40,000 ಚದರ ಮೈಲಿ ನೆಲವನ್ನು ಅವರ ತಂಡ ಅಳೆಯಿತು. ಬೆಟ್ಟದ ತುದಿಯಲ್ಲಿ ಕಂಬ ನೆಟ್ಟು, ಅದರ ಮೇಲೆ ದೂರಕ್ಕೆ ಕಾಣುವಂತೆ ಬುಟ್ಟಿಯನ್ನು ಕಟ್ಟಿ, ಇನ್ನೊಂದು ಬೆಟ್ಟದಿಂದ ಯಂತ್ರದಲ್ಲಿ ನೋಡಿ ಕೋನ ಹಿಡಿಯುವುದು ಆಗಿನ ರೀತಿ. ಅಳೆಯುವ ಸಹಾಯಕರಲ್ಲಿ ಅನೇಕರು ಮದ್ರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರು. ಮಲೆನಾಡಿನ ಜ್ವರ ಅವರನ್ನು ಕಾಡಿತು. ಖರ್ಚು ಹೆಚ್ಚಾಯಿತೆಂದು ಲಂಡನ್ನಿನ ನಿರ್ದೇಶಕರು ಹಣವನ್ನೂ ಕಡಿತಗೊಳಿಸಿದರು. ಹಂಪಿಯ ಅವಶೇಷಗಳ ಮೊದಲ ನಕಾಶೆ ತಯಾರಾದುದೂ ಇದೇ ಕಾಲದಲ್ಲಿ, ಇವರ ಕೈಯಿಂದಲೇ.

ಕೊಂಢವಾದಲ್ಲಿರುವ ನಮಗೆ ಊರ ಹೆಸರಿನ ಗೊಂದಲ ಹೊಸದಲ್ಲ. ಇಲ್ಲಿ ಕೊಂಢವಾ ಖುರ್ದ್ ಇದೆ, ಕೊಂಢವಾ ಬುದ್ರುಕ್ ಇದೆ. ಒಂದಕ್ಕೆ ಹೋಗಬೇಕಾದ ನೆಂಟರು ಇನ್ನೊಂದಕ್ಕೆ ಹೋಗಿ ಫೋನು ಮಾಡುತ್ತಾರೆ. ಬೆಳಗಾವಿಯವರಾದರೆ ಕಂಗ್ರಾಳಿ ಖುರ್ದ್, ಕಂಗ್ರಾಳಿ ಬುದ್ರುಕ್ ನೆನಪಾಗುತ್ತವೆ. ಪಾರಸಿಯ ದಫ್ತರದಿಂದ ಬಂದ ಚಿಕ್ಕದು, ದೊಡ್ಡದು ಎಂಬ ಈ ಮಾತುಗಳು ಹಳ್ಳಿಯ ಹೆಸರಿಗೆ ಅಂಟಿಕೊಂಡು ಉಳಿದಿವೆ. ಊರಿನ ಹೆಸರಿನಲ್ಲಿ ಆಡಳಿತದ ಚರಿತ್ರೆಯೇ ಅಡಗಿರುತ್ತದೆ ಎಂಬುದನ್ನು ಗಡಿ ಅಳೆಯಲು ಬಂದ ಮೆಕೆಂಜಿಯವರು ಬೇಗ ಅರಿತರು. ಗಡಿಯನ್ನು ತಿಳಿಯಬೇಕಾದರೆ ಊರನ್ನು ಯಾರು ಕಟ್ಟಿದರು, ಯಾರು ಆಳಿದರು, ದೇವಸ್ಥಾನಕ್ಕೆ ಭೂಮಿಯನ್ನು ಬಿಟ್ಟವರು ಯಾರು ಎಂದು ಕೇಳಬೇಕು. ಕೇಳುವುದಾದರೂ ಹೇಗೆ? ಅವರಿಗೆ ನಮ್ಮ ಯಾವ ಭಾಷೆಯೂ ಚೆನ್ನಾಗಿ ಬರುತ್ತಿರಲಿಲ್ಲ. ಮೂವತ್ತೆಂಟು ವರ್ಷ ಈ ಕಡೆ ಬದುಕಿದರೂ ಬರಲಿಲ್ಲ. ಅವರು ಅದನ್ನು ಮರೆಮಾಡಲೂ ಇಲ್ಲ. ಈ ಲೇಖಕನ ದೃಷ್ಟಿಯಲ್ಲಿ ಅವರ ಬದುಕಿನ ತಿರುವು ಇರುವುದು ಇಲ್ಲಿಯೇ. ತಾನು ಪರಕೀಯ, ತನಗೆ ತಿಳಿಯದು ಎಂದು ಒಪ್ಪಿಕೊಂಡವರಿಗೆ ಮಾತ್ರ ಇತರರನ್ನು ನಂಬದೆ ಗತ್ಯಂತರವಿಲ್ಲ.

ಅವರು ನಂಬಿದವರಲ್ಲಿ ಮೊದಲಿಗರು ಏಲೂರಿನ ಕಾವಲಿ ವೆಂಕಟ ಬೊರಯ್ಯ. 1796ರ ಸುಮಾರಿಗೆ ಜೊತೆಗೂಡಿದ ಈ ತರುಣರು ತೆಲುಗು, ಸಂಸ್ಕೃತಗಳೊಡನೆ ಹಲವು ಭಾಷೆಗಳನ್ನು ಬಲ್ಲವರಾಗಿದ್ದರು. ಮಠಾಧಿಪತಿಗಳೊಡನೆಯೂ ಶಾನುಭೋಗರೊಡನೆಯೂ ಅವರವರ ರೀತಿಯಲ್ಲಿ ಮಾತನಾಡಿ ಬಾಗಿಲು ತೆರೆಯಿಸುವ ಜಾಣ್ಮೆ ಅವರದು. 1803ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಬೊರಯ್ಯನವರು ತೀರಿಕೊಂಡರು. ಆ ಸ್ಥಾನಕ್ಕೆ ತಮ್ಮ ಲಕ್ಷ್ಮಯ್ಯನವರು ಬಂದರು.

ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದವರು ಚಾಮರಾಜನಗರದ ಬಳಿಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು. ಆ ಕಾಲಕ್ಕೆ ಹಳಗನ್ನಡದ ಶಾಸನಗಳ ಲಿಪಿಯನ್ನು ಓದಬಲ್ಲವರು ಬಹಳ ವಿರಳ. ಊರಿನವರಿಗೇ ಕಲ್ಲು ಮೂಕವಾಗಿತ್ತು. ಬಳ್ಳಿಗಾವೆಯಂತಹ ಸ್ಥಳಗಳಲ್ಲಿ ಗುಡಿಯ ಅಂಗಳದಲ್ಲಿ ನಿಂತಿದ್ದ ಶಾಸನಗಳನ್ನು ಓದಿ ಅರ್ಥ ಹೇಳಿದವರು ಧರ್ಮಯ್ಯನವರು. ಚಾಲುಕ್ಯರು, ಹೊಯ್ಸಳರು ಮುಂತಾದ ಅರಸುಮನೆತನಗಳ ಇತಿಹಾಸವನ್ನು ಕಲ್ಲಿನ ಆಧಾರದಿಂದ ಕಟ್ಟಬಹುದೆಂಬ ಅರಿವಿಗೆ ಇದು ಒಂದು ಮೊದಲ ಹೆಜ್ಜೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಬರಲು ಇನ್ನೂ ಎಂಬತ್ತು ವರ್ಷಗಳಿದ್ದವು.

ಅದೇ ಮಲೆಯೂರಿನ ಕನಕಗಿರಿಗೆ 1804ರಲ್ಲಿ ಮೆಕೆಂಜಿಯವರ ತಂಡ ಬಂದಾಗ ಅಲ್ಲಿಯ ದೇವಚಂದ್ರ ಎಂಬ ಕವಿ ಅವರನ್ನು ಕಂಡರು. ಸ್ಥಳದ ಚರಿತ್ರೆಯನ್ನು, ಜೈನರ ಆಚಾರವಿಚಾರಗಳನ್ನು ಹೇಳುವಂತೆ ಕೇಳಿದ ಆ ಭೇಟಿಯ ಪ್ರೇರಣೆ ಕವಿಯ ಮನಸ್ಸಿನಲ್ಲಿ ಮೂರು ದಶಕಗಳ ಕಾಲ ಉಳಿಯಿತು. ಕೊನೆಗೆ ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಇಚ್ಛೆಯಂತೆ ಅದು ರಾಜಾವಳಿ ಕಥೆ ಎಂಬ ಕನ್ನಡ ಗ್ರಂಥವಾಯಿತು. ಪರದೇಶಿಯೊಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಅರಮನೆಗೆ ಸಂದಿತು!

ಕೈಫಿಯತ್ತು ಎಂಬ ಪದ ಪುಣೆಯವರಿಗೆ ಅಪರಿಚಿತವಲ್ಲ. ಇಲ್ಲಿಯ ಪೇಶವೆ ದಫ್ತರದಲ್ಲಿ ಮೋಡಿ ಲಿಪಿಯ ಕೈಫಿಯತ್ತುಗಳೂ ಯಾದಿಗಳೂ ಇವೆ. ಇರುವ ಸಂಗತಿಯ ನಿವೇದನೆ ಎಂಬುದು ಅದರ ಸರಳ ಅರ್ಥ. ಮೆಕೆಂಜಿಯವರ ಜನ ಹಳ್ಳಿಗೆ ಹೋಗಿ ಶಾನುಭೋಗರು, ಪೂಜಾರಿಗಳು, ಪಾಳೆಯಗಾರರ ವಂಶದವರು ಹೇಳಿದುದನ್ನು ಬರೆದುಕೊಂಡರು. ಮನೆಗಳಲ್ಲಿದ್ದ ಕಡತಗಳನ್ನು ಪ್ರತಿಮಾಡಿದರು. ಹುಣಸೆ ಬೀಜದ ಸರಿಯನ್ನು ಇದ್ದಿಲ ಪುಡಿಯೊಡನೆ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದ ಕಲ್ಲಿನಿಂದ ಬರೆಯುವ ಕಡತವನ್ನು ಹಿರಿಯರು ನೋಡಿರಬಹುದು. ಎಲ್ಲರೂ ಸಂತೋಷದಿಂದ ತೋರಿಸಲಿಲ್ಲ. ಇನಾಮು ಭೂಮಿಯ ವಿವರ ಕೊಟ್ಟರೆ ನಾಳೆ ಕಂದಾಯ ಬೀಳುವುದೆಂಬ ಭಯ ಇತ್ತು. ಕಂಪನಿಯ ಕಚೇರಿಯಿಂದ ಬಂದವರನ್ನು ಕಂಡು ಹಾಗೆ ಭಯಪಟ್ಟದ್ದು ತಪ್ಪೆಂದು ಹೇಳಲು ಬರುವಂತಿಲ್ಲ. ದಿವಾನ್ ಪೂರ್ಣಯ್ಯನವರ ಆಡಳಿತದ ಸಹಕಾರವಿದ್ದುದರಿಂದ ಮೈಸೂರಿನಲ್ಲಿ ಕೆಲಸ ಸ್ವಲ್ಪ ಸುಗಮವಾಯಿತು.

ಈ ಸಂಗ್ರಹದ ಬಹುಪಾಲು ಖರ್ಚು ಮೆಕೆಂಜಿಯವರ ಸ್ವಂತ ಜೇಬಿನದು. ಕಂಪನಿ ಸಂಬಳ ಕೊಡುತ್ತಿದ್ದುದು ನೆಲ ಅಳೆಯುವುದಕ್ಕೆ, ಕಥೆ ಕೇಳುವುದಕ್ಕಲ್ಲ.

ಮುಂದಿನದನ್ನು ಬೇಗನೆ ಹೇಳಬಹುದು. 1810ರಲ್ಲಿ ಅವರು ಮದ್ರಾಸಿನ ಸರ್ವೇಯರ್ ಜನರಲ್ ಆದರು. 1811ರಲ್ಲಿ ಸೈನ್ಯದೊಡನೆ ಜಾವಾಕ್ಕೆ ಹೋದರು. ಪ್ರಂಬಾನನ್‌ನ ದೇವಾಲಯಗಳ ಅವಶೇಷಗಳನ್ನು ನೋಡಿ ವಿವರ ಬರೆದರು. ಅಲ್ಲಿಯೇ 1812ರಲ್ಲಿ, ಅರವತ್ತರ ಹತ್ತಿರದಲ್ಲಿ, ಡಚ್ ಮನೆತನದ ಪೆಟ್ರೋನೆಲ್ಲಾ ಬಾರ್ಟೆಲ್ಸ್ ಅವರನ್ನು ಮದುವೆಯಾದರು. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡು, 1817ರಲ್ಲಿ ಕಲ್ಕತ್ತಕ್ಕೆ ತೆರಳಿದರು. ಲಕ್ಷ್ಮಯ್ಯನವರೂ ಹಲವು ಸಹಾಯಕರೂ ಸಂಗ್ರಹದೊಡನೆ ಆ ದೂರದ ಊರಿಗೆ ಹೋದರು. ಈಗ ಪರದೇಶಿಗಳಾಗುವ ಸರದಿ ಇವರದು. ಬಂಗಾಲದಲ್ಲಿ ಹಳಗನ್ನಡ ಓದುವವರು ಇನ್ನಾರಿದ್ದರು?

ಸಂಗ್ರಹವನ್ನೆಲ್ಲ ಕ್ರಮಪಡಿಸಿ ಒಂದು ಪಟ್ಟಿಯನ್ನು ಸಿದ್ಧಪಡಿಸಬೇಕು ಎಂಬ ಆಸೆ ಮೆಕೆಂಜಿಯವರಿಗಿತ್ತು. ಕಚೇರಿಯ ಕೆಲಸ, ಅನಾರೋಗ್ಯಗಳ ನಡುವೆ ಅದು ಕೈಗೂಡಲಿಲ್ಲ. 1821ರ ಮೇ 8ರಂದು ಹೂಗ್ಲಿ ನದಿಯ ಮೇಲೆ, ಹವಾ ಬದಲಾವಣೆಗಾಗಿ ದೋಣಿಯಲ್ಲಿ ಹೋಗುತ್ತಿದ್ದಾಗ ಅವರು ನಿಧನರಾದರು. ಸಮಾಧಿ ಕಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ. 1783ರಲ್ಲಿ ಬಿಟ್ಟುಬಂದ ದ್ವೀಪವನ್ನು ಅವರು ಮತ್ತೆ ನೋಡಲೇ ಇಲ್ಲ.

ಸಂಗ್ರಹವನ್ನು ಕಂಪನಿ ಸರಕಾರ 1,00,000 ರೂಪಾಯಿಗೆ ಅವರ ಪತ್ನಿಯಿಂದ ಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ಅದರಲ್ಲಿ 1,568 ಸಾಹಿತ್ಯಕ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು ಇದ್ದವು. ಇವುಗಳನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೈಯಾರೆ ಜೋಡಿಸಿದ್ದ ಲಕ್ಷ್ಮಯ್ಯನವರು, ಈ ಕೆಲಸವನ್ನು ಮುಂದುವರಿಸಲು ತಮಗೆ ಅವಕಾಶ ಕೊಡಬೇಕೆಂದು 1830ರ ದಶಕದಲ್ಲಿ ಸರಕಾರವನ್ನು ಕೇಳಿಕೊಂಡರು. ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯ ಅಭಿಪ್ರಾಯ ಕೇಳಲಾಯಿತು. ದೇಶೀಯರೊಬ್ಬರಿಗೆ ಇಂತಹ ವಿಮರ್ಶೆಯ ಸಾಮರ್ಥ್ಯವಿಲ್ಲವೆಂಬ ಉತ್ತರ ಬಂತು. ಕೆಲಸ ಪಾದ್ರಿ ವಿಲಿಯಂ ಟೇಲರ್ ಅವರಿಗೆ ಹೋಯಿತು. ಹೊರಗಿನಿಂದ ಬಂದವರು ಒಳಗಿನವರಾದರು, ಒಳಗಿನವರು ಹೊರಗುಳಿದರು. ಮೆಕೆಂಜಿಯವರು ಬದುಕಿದ್ದರೆ ಹೀಗಾಗುತ್ತಿರಲಿಲ್ಲವೇನೋ.

1816ರಲ್ಲಿ ಥಾಮಸ್ ಹಿಕ್ಕಿ ಬರೆದ ಒಂದು ವರ್ಣಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಅಂಗಿಯ ಮೆಕೆಂಜಿಯವರ ಸುತ್ತ ಮೂವರು ಭಾರತೀಯರಿದ್ದಾರೆ. ಒಬ್ಬರ ಕೈಯಲ್ಲಿ ದೂರದರ್ಶಕ, ಇನ್ನೊಬ್ಬರ ಕೈಯಲ್ಲಿ ತಾಳೆಗರಿ. ತಾಳೆಗರಿ ಹಿಡಿದವರನ್ನು ಧರ್ಮಯ್ಯನವರೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಿಂದೆ ದೂರದಲ್ಲಿ ಕಾರ್ಕಳದ ಗೊಮ್ಮಟ, ಅದರ ಬಳಿ ಬುಟ್ಟಿ ಕಟ್ಟಿದ ಸರ್ವೆ ಕಂಬ.

ದಕ್ಷಿಣದ ಭಾಷೆಗಳ ಹಸ್ತಪ್ರತಿಗಳು ಮುಂದೆ ಮದ್ರಾಸಿಗೆ ಹಿಂದಿರುಗಿದವು. ಅಲ್ಲಿಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಕರ್ನಾಟಕದ ಕೈಫಿಯತ್ತುಗಳು ಎಂಬ ಹೆಸರಿನಲ್ಲಿ ಹೊರತಂದರು. ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿಯ ಕಡೆಯಿಂದ ಪುಣೆಗೆ ಬಂದು ನೆಲೆಸಿದ ಓದುಗರು ಊರಿಗೆ ಹೋದಾಗ ಗ್ರಂಥಾಲಯದಲ್ಲಿ ಆ ಪುಸ್ತಕವನ್ನು ಕೇಳಿ ನೋಡಬಹುದು. ತಮ್ಮ ಹಳ್ಳಿಯ ಹೆಸರು ಅದರಲ್ಲಿ ಇದ್ದರೂ ಇರಬಹುದು. ಅಂದಿನ ಶಾನುಭೋಗರು ಹೇಳಿದ ಮಾತು ಇದ್ದ ಹಾಗೆಯೇ ಅಲ್ಲಿದೆ.