ಪುಸ್ತಕದ ಅರ್ಥ ಹೇಳೋಕೆ ಯಾರ ಅಪ್ಪಣೆ ಬೇಕು? ನೇಕಾರನ ಮಗ ಜಾರ್ಜ್ ಫಾಕ್ಸ್ ಕೇಳಿದ್ದು

1649. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣ. ಭಾನುವಾರ ಬೆಳಗ್ಗೆ ಚರ್ಚ್ ತುಂಬಿದೆ. ಪಾದ್ರಿ ಪೇತ್ರನ ಎರಡನೇ ಪತ್ರದ ಒಂದು ವಾಕ್ಯ ಹಿಡಿದು ಪ್ರವಚನ ಮಾಡ್ತಿದ್ದಾರೆ. ಯಾವ ಬೋಧನೆ ಸರಿ, ಯಾವುದು ತಪ್ಪು ಅಂತ ಒರೆಗೆ ಹಚ್ಚಿ ನೋಡೋಕೆ ಇರುವ ಖಚಿತ ಅಳತೆಗೋಲು ಬೈಬಲ್ ಅನ್ನೋದು ಅವರ ವಾದ. ಜನರ ನಡುವೆ ನಿಂತಿದ್ದ, ಇನ್ನೂ 25 ದಾಟದ ಒಬ್ಬ ಹುಡುಗ ಅಡ್ಡ ಬಾಯಿ ಹಾಕ್ತಾನೆ. ಅಳತೆಗೋಲು ಪುಸ್ತಕ ಅಲ್ಲ, ಆ ಪುಸ್ತಕವನ್ನು ಬರೆಸಿದ ಪವಿತ್ರಾತ್ಮ ಅಂತ ಕೂಗಿ ಹೇಳ್ತಾನೆ. ಕ್ರಿಸ್ತನನ್ನು ವಿರೋಧಿಸಿದ ಪಂಡಿತರ ಕೈಯಲ್ಲೂ ಗ್ರಂಥ ಇತ್ತಲ್ಲ, ಅದರಿಂದ ಏನಾಯ್ತು ಅನ್ನೋದು ಅವನ ತರ್ಕ.

ಅವನನ್ನು ಎಳೆದುಕೊಂಡು ಹೋಗಿ ಜೈಲಿಗೆ ಹಾಕಿದರು. ಹೆಸರು ಜಾರ್ಜ್ ಫಾಕ್ಸ್. ಮುಂದೆ ಕ್ವೇಕರ್ ಎಂದು ಹೆಸರಾದ ಪಂಥವನ್ನು ಕಟ್ಟಿದವನು.

ಒಂದು ವ್ಯಾಖ್ಯಾನದ ಜಗಳಕ್ಕೆ ಜೈಲು ಯಾಕೆ? ಫಾಕ್ಸ್‌ನ ಜೀವನ ಓದುವಾಗ ನನ್ನನ್ನು ಹಿಡಿದು ನಿಲ್ಲಿಸೋದು ಈ ಪ್ರಶ್ನೆಯೇ. ಅದಕ್ಕೆ ಉತ್ತರ ದೇವರ ಹತ್ತಿರ ಹುಡುಕಬೇಕಿಲ್ಲ, ಊರಿನ ಲೆಕ್ಕದ ಪುಸ್ತಕದಲ್ಲಿ ಹುಡುಕಿದರೆ ಸಾಕು. ಆಗ ಇಂಗ್ಲೆಂಡಿನ ರೈತರು ಬೆಳೆದದ್ದರ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡಬೇಕಿತ್ತು. ಕೊಡದಿದ್ದರೆ ಕೋರ್ಟು, ಜಪ್ತಿ. ಆ ಪಾಲು ತಿನ್ನುವ ಪಾದ್ರಿಯ ಅರ್ಹತೆ ಏನು? ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್‌ನಲ್ಲಿ ಕಲಿತದ್ದು, ಗ್ರೀಕ್, ಹೀಬ್ರೂ ಬಲ್ಲದ್ದು, ಹಾಗಾಗಿ ಗ್ರಂಥದ ಅರ್ಥ ಹೇಳಬಲ್ಲದ್ದು. ಗ್ರಂಥದ ಅರ್ಥ ಒಳಗಿನಿಂದಲೇ ತಿಳಿಯುತ್ತೆ ಅಂತ ಒಬ್ಬ ಹೇಳಿದರೆ ಪದವಿಯ ಬೆಲೆ ಬಿತ್ತು. ಪದವಿಯ ಬೆಲೆ ಬಿದ್ದರೆ ಹತ್ತನೇ ಪಾಲು ಯಾಕೆ ಕೊಡಬೇಕು? ಆ ವರ್ಷ ಜನವರಿಯಲ್ಲಷ್ಟೇ ದೊರೆ ಒಂದನೇ ಚಾರ್ಲ್ಸ್‌ನ ತಲೆ ಉರುಳಿತ್ತು. ಆಳುವವರಿಗೆ ಇಂಥ ಮಾತು ಬರೀ ಮಾತಾಗಿ ಕೇಳಿಸುವ ಕಾಲವಲ್ಲ ಅದು.

ಫಾಕ್ಸ್ ಹುಟ್ಟಿದ್ದು 1624ರಲ್ಲಿ, ಲೆಸ್ಟರ್‌ಶೈರ್‌ನ ಒಂದು ಹಳ್ಳಿಯಲ್ಲಿ. ಅಪ್ಪ ನೇಕಾರ. ಮಗನನ್ನು ಬೂಟು ಹೊಲಿಯುವವರೊಬ್ಬರ ಹತ್ತಿರ ಕೆಲಸ ಕಲಿಯೋಕೆ ಬಿಟ್ಟರು. ಅಲ್ಲಿ ಕುರಿ ಕಾಯುವ ಕೆಲಸವೂ ಇತ್ತು. 19ನೇ ವಯಸ್ಸಿಗೆ ಮನೆ ಬಿಟ್ಟ. ದೇಶದಲ್ಲಿ ಅಂತರ್ಯುದ್ಧ, ಇವನ ಒಳಗೂ ಅಂಥದ್ದೇ ಒಂದು. ಊರೂರು ತಿರುಗಿ ಪಾದ್ರಿಗಳನ್ನು ಕಂಡು ತನ್ನ ಕಳವಳ ಹೇಳಿಕೊಂಡ. ಒಬ್ಬರು ಹೊಗೆಸೊಪ್ಪು ಸೇದು, ಕೀರ್ತನೆ ಹಾಡು ಅಂದರು. ಇನ್ನೊಬ್ಬರು ರಕ್ತ ತೆಗೆಸಿಕೊಂಡರೆ ಸರಿಹೋಗುತ್ತೆ ಅಂದರು. ಮತ್ತೊಬ್ಬರು ತೋಟದಲ್ಲಿ ಓಡಾಡ್ತಾ ಗಂಭೀರವಾಗಿ ಮಾತಾಡ್ತಿದ್ದವರು, ಇವನ ಕಾಲು ತಪ್ಪಿ ಹೂವಿನ ಪಾತಿಯ ಮೇಲೆ ಬಿದ್ದದ್ದೇ ತಡ, ಮನೆಗೆ ಬೆಂಕಿ ಬಿದ್ದವರ ಹಾಗೆ ರೇಗಾಡಿದರು. (ಖಿನ್ನತೆಯಲ್ಲಿರುವ ಹುಡುಗರಿಗೆ ದೊಡ್ಡವರು ಕೊಡುವ ಸಲಹೆಗಳು ಈ 400 ವರ್ಷಗಳಲ್ಲಿ ಬಹಳವೇನೂ ಸುಧಾರಿಸಿಲ್ಲ.)

1647ರಲ್ಲಿ, ಹೊರಗಿನ ಎಲ್ಲರ ಮೇಲೂ ಭರವಸೆ ಕಳೆದುಕೊಂಡಾಗ, ಅವನಿಗೆ ಒಂದು ಅನುಭವ ಆಯ್ತು. ತನ್ನ ಸ್ಥಿತಿ ಅರ್ಥವಾಗಿ ತನ್ನ ಜೊತೆ ಮಾತಾಡಬಲ್ಲವನು ಒಬ್ಬನೇ, ಆ ಕ್ರಿಸ್ತ. ಅವನು ಎಂದೋ ಬದುಕಿ ಹೋದವನಲ್ಲ, ಈಗ ಒಳಗೇ ಇದ್ದು ಕಲಿಸುವವನು ಅನ್ನೋದು ಆ ಅನುಭವದ ತಿರುಳು. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಎಲ್ಲ ಮನುಷ್ಯರಿಗೂ ಸಿಗುವ ಬೆಳಕಿನ ಮಾತು ಬರುತ್ತೆ. ಫಾಕ್ಸ್ ಅದನ್ನೇ ಗಟ್ಟಿಯಾಗಿ ಹಿಡಿದ. ಎಲ್ಲರಿಗೂ ಅಂದರೆ ಎಲ್ಲರಿಗೂ. ಕುರಿ ಕಾಯುವವನಿಗೂ, ಮನೆಗೆಲಸದವಳಿಗೂ, ಬೈಬಲ್ ಹೆಸರನ್ನೇ ಕೇಳದವರಿಗೂ.

ಇಲ್ಲಿ ಒಂದು ಎಚ್ಚರ ಬೇಕು. ಒಳಬೆಳಕು ಅಂದ ತಕ್ಷಣ ನಾವು ಅದನ್ನು ಅವರವರ ಅಭಿಪ್ರಾಯ ಅಂತ ಓದಿಬಿಡ್ತೀವಿ. ಫಾಕ್ಸ್ ಹೇಳಿದ್ದು ಅದಲ್ಲ. ಅವನ ಪ್ರಕಾರ ಆ ಬೆಳಕು ಮನುಷ್ಯನ ಬುದ್ಧಿಯೂ ಅಲ್ಲ, ಇಷ್ಟಾನಿಷ್ಟವೂ ಅಲ್ಲ. ಅದು ಮೊದಲು ಮಾಡುವ ಕೆಲಸ ನಿಮ್ಮ ಹುಳುಕನ್ನು ನಿಮಗೇ ತೋರಿಸೋದು. ಪ್ರವಾದಿಗಳು, ಅಪೊಸ್ತಲರು ಯಾವ ಆತ್ಮದ ಪ್ರೇರಣೆಯಿಂದ ಬರೆದರೋ ಅದೇ ಆತ್ಮ ಓದುವವರ ಒಳಗೂ ಕೆಲಸ ಮಾಡದಿದ್ದರೆ ಪುಟದ ಮೇಲಿರೋದು ಬರೀ ಮಸಿ. ಹಾಗಂತ ಅವನು ಪುಸ್ತಕವನ್ನು ಬಿಸಾಡಿದವನಲ್ಲ. ಬೈಬಲ್ ಎಲ್ಲಾದರೂ ಕಳೆದುಹೋದರೆ ಫಾಕ್ಸ್‌ನ ಬಾಯಿಂದ ಮತ್ತೆ ಬರೆದುಕೊಳ್ಳಬಹುದು ಅನ್ನೋ ಮಾತು ಚಾಲ್ತಿಯಲ್ಲಿತ್ತು. ಈ ವಿಚಾರವನ್ನು ಮುಂದೆ ಶಾಸ್ತ್ರಬದ್ಧವಾಗಿ ಬರೆದ ರಾಬರ್ಟ್ ಬಾರ್ಕ್ಲೇ, ಗ್ರಂಥವನ್ನು ಬುಗ್ಗೆಯ ಬಗ್ಗೆ ಹೇಳುವ ವರದಿ ಅಂದ. ವರದಿ ನಿಜವೇ, ಆದರೆ ಬಾಯಾರಿದವರು ಬುಗ್ಗೆಗೇ ಹೋಗಬೇಕು.

1652ರಲ್ಲಿ ಫಾಕ್ಸ್ ಉತ್ತರ ಇಂಗ್ಲೆಂಡಿನ ಅಲ್ವರ್‌ಸ್ಟನ್ ಚರ್ಚಿಗೆ ಬಂದ. ಆ ಸೀಮೆಯ ನ್ಯಾಯಾಧೀಶ ಥಾಮಸ್ ಫೆಲ್ ಅವರ ಹೆಂಡತಿ ಮಾರ್ಗರೆಟ್ ಫೆಲ್ ಅಲ್ಲಿದ್ದರು. ಕ್ರಿಸ್ತ ಹೀಗೆ ಹೇಳಿದ, ಅಪೊಸ್ತಲರು ಹೀಗೆ ಹೇಳಿದರು ಅಂತೀರಲ್ಲ, ಸರಿ, ನೀವು ಏನು ಹೇಳ್ತೀರಿ ಅಂತ ಫಾಕ್ಸ್ ಕೇಳಿದ. ಮಾರ್ಗರೆಟ್ ಕೂತಲ್ಲೇ ಅತ್ತರು. ಇಷ್ಟು ದಿನ ನಾವು ಬೇರೆಯವರ ಮಾತನ್ನು ಕದ್ದು ಬದುಕಿದ್ದೀವಿ, ಅದರಲ್ಲಿ ಒಂದೂ ನಮ್ಮ ಒಳಗೆ ಹುಟ್ಟಿದ್ದಲ್ಲ ಅಂತ ಅವರಿಗೆ ಅನಿಸಿತು. ಅಂಬೇಡ್ಕರ್ ಹೀಗಂದರು, ಲೋಹಿಯಾ ಹೀಗಂದರು ಅಂತ ಪೋಸ್ಟರ್ ಮಾಡಿ ಹಂಚುವ ನಮ್ಮ ವಲಯದಲ್ಲೂ ಆ ಪ್ರಶ್ನೆ ಕೇಳುವವರು ಒಬ್ಬರಿರಬೇಕಿತ್ತು ಅಂತ ನನಗೆ ಆಗಾಗ ಅನಿಸುತ್ತೆ. ಗಂಡ ಕ್ವೇಕರ್ ಆಗಲಿಲ್ಲ, ಆದರೆ ತಡೆಯಲೂ ಇಲ್ಲ. ಅವರ ಸ್ವಾರ್ಥ್‌ಮೂರ್ ಮನೆಯೇ ಚಳವಳಿಯ ಕೇಂದ್ರವಾಯ್ತು.

ಹಾಗಾದರೆ ಒಳಗಿನ ಕ್ರಿಸ್ತ ಒಬ್ಬೊಬ್ಬರಿಗೆ ಒಂದೊಂದು ಹೇಳಿದರೆ? ಎದುರಾಳಿಗಳು ಮೊದಲ ದಿನದಿಂದ ಕೇಳ್ತಿದ್ದ ಪ್ರಶ್ನೆ ಇದು. 1656ರ ಅಕ್ಟೋಬರಿನಲ್ಲಿ ಅದು ಕುದುರೆ ಏರಿ ಬಂತು. ಜೇಮ್ಸ್ ನೇಯ್ಲರ್ ಪಾರ್ಲಿಮೆಂಟಿನ ಸೈನ್ಯದಲ್ಲಿದ್ದವನು, ಫಾಕ್ಸ್‌ನಷ್ಟೇ ಪ್ರಭಾವಿ ಬೋಧಕ. ಕ್ರಿಸ್ತ ಯೆರೂಸಲೇಮನ್ನು ಪ್ರವೇಶಿಸಿದ ಹಾಗೆ, ಸುರಿಯುವ ಮಳೆಯಲ್ಲಿ ಬ್ರಿಸ್ಟಲ್ ಪಟ್ಟಣವನ್ನು ಪ್ರವೇಶಿಸಿದ. ಹಿಂಬಾಲಕರು ಸುತ್ತ ಸ್ತುತಿ ಹಾಡ್ತಿದ್ದರು. ತನ್ನೊಳಗೆ ಇರುವ ಕ್ರಿಸ್ತನ ಸಂಕೇತ ಇದು, ತಾನೇ ಕ್ರಿಸ್ತ ಅಲ್ಲ ಅನ್ನೋದು ಅವನ ವಿವರಣೆ. ಪಾರ್ಲಿಮೆಂಟು ಡಿಸೆಂಬರಿನಲ್ಲಿ ದಿನಗಟ್ಟಲೆ ಇದನ್ನೇ ಚರ್ಚಿಸಿತು. ಮರಣದಂಡನೆ ಬೇಡ ಅಂತ 96 ಮಂದಿ, ಬೇಕು ಅಂತ 82 ಮಂದಿ. ಜೀವ ಉಳಿಯಿತು. ಆದರೆ ಲಂಡನ್ನಿನಲ್ಲಿ 310 ಛಡಿಯೇಟು, ಕಾದ ಕಬ್ಬಿಣದಿಂದ ನಾಲಿಗೆಗೆ ತೂತು, ಹಣೆಯ ಮೇಲೆ ದೈವನಿಂದಕ ಅನ್ನೋ ಬರೆ, ಆಮೇಲೆ ಸೆರೆಮನೆ.

ಬ್ರಿಸ್ಟಲ್ ಘಟನೆಗೆ ಒಂದು ತಿಂಗಳ ಮುಂಚೆ ಎಕ್ಸೆಟರ್ ಜೈಲಿನಲ್ಲಿ ಇಬ್ಬರೂ ಎದುರಾಗಿದ್ದರು. ಮನಸ್ತಾಪ ಆಗಲೇ ಬೆಳೆದಿತ್ತು. ನೇಯ್ಲರ್ ಮುತ್ತಿಡೋಕೆ ಬಂದಾಗ ಫಾಕ್ಸ್ ತನ್ನ ಪಾದ ಮುಂದೆ ಚಾಚಿದ. ಫಾಕ್ಸ್‌ನ ಬದುಕಿನಲ್ಲಿ ನನಗೆ ಓದಿ ಕಸಿವಿಸಿಯಾಗುವ ಗಳಿಗೆ ಇದು. ಎಲ್ಲರ ಎದುರೂ ಟೋಪಿ ತೆಗೆಯಲ್ಲ, ಎಂಥ ದೊರೆಗೂ ಏಕವಚನವೇ ಅಂತ ಬದುಕಿದವನು ಇವನು. ಜೊತೆಗಾರನ ಒಳಗೂ ಅದೇ ಬೆಳಕು ಇರಬಹುದು ಅನ್ನೋದು ಆ ಕ್ಷಣಕ್ಕೆ ಅವನಿಗೇ ಮರೆತುಹೋಯ್ತೇ? ನೇಯ್ಲರ್ 1659ರಲ್ಲಿ ಬಿಡುಗಡೆಯಾಗಿ, ಮರುವರ್ಷ ತೀರಿಕೊಂಡ.

1660ರಲ್ಲಿ ರಾಜಪ್ರಭುತ್ವ ಮರಳಿತು. ಕ್ವೇಕರರು ಪ್ರಮಾಣ ಮಾಡಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಅವರನ್ನು ಒಳಗೆ ಹಾಕೋಕೆ ರಾಜನಿಷ್ಠೆಯ ಪ್ರಮಾಣ ಕೇಳಿದರೆ ಸಾಕಿತ್ತು. 1664ರಲ್ಲಿ ಲ್ಯಾಂಕಾಸ್ಟರ್ ಕೋರ್ಟಿನಲ್ಲಿ ಫಾಕ್ಸ್ ಕೈಗೆ ಬೈಬಲ್ ಕೊಟ್ಟು ಪ್ರಮಾಣ ಮಾಡು ಅಂದರು. ಪ್ರಮಾಣವನ್ನೇ ಮಾಡಬೇಡಿ ಅಂತ ಈ ಪುಸ್ತಕದಲ್ಲೇ ಕ್ರಿಸ್ತ ಹೇಳಿದ್ದಾನಲ್ಲ, ಹೇಳಿದಂತೆ ನಡೆಯುವ ನಾನು ಜೈಲಿಗೆ, ಹಾಗೆ ಹೇಳುವ ಪುಸ್ತಕ ಮಾತ್ರ ಹೊರಗೆ ಯಾಕೆ ಅಂತ ಅವನು ಕೇಳಿದ. ಅಳತೆಗೋಲು ಪುಸ್ತಕವೇ ಅಂತಿದ್ದವರು ಅದನ್ನು ಸುತ್ತಿಬಳಸಿ ಓದ್ತಿದ್ದರು. ಆತ್ಮ ಮೊದಲು ಅಂದವನು ಇದ್ದದ್ದು ಇದ್ದಂತೆ ಓದಿ ಜೈಲಿಗೆ ಹೋದ.

ಅದೇ ಕಾರಣಕ್ಕೆ ಮಾರ್ಗರೆಟ್ ಫೆಲ್ ಕೂಡ ಜೈಲಿನಲ್ಲಿದ್ದರು. 1666ರಲ್ಲಿ ಪ್ರಕಟವಾದ ಅವರ ಕಿರುಹೊತ್ತಿಗೆ ಹೆಂಗಸರು ಸಭೆಯಲ್ಲಿ ಮಾತಾಡುವ ಹಕ್ಕಿನ ಪರ. ಸಭೆಯಲ್ಲಿ ಹೆಂಗಸರು ಸುಮ್ಮನಿರಬೇಕು ಅನ್ನೋ ಪೌಲನ ಮಾತನ್ನು ಆಗ ಎಲ್ಲರೂ ಎತ್ತಿ ತೋರಿಸ್ತಿದ್ದರು. ಆ ಮಾತು ಗೊಂದಲದಲ್ಲಿದ್ದ ಒಂದು ಸಭೆಗೆ ಹೇಳಿದ್ದು, ಎಲ್ಲ ಕಾಲದ ಎಲ್ಲ ಹೆಂಗಸರಿಗೆ ಅಲ್ಲ ಅಂತ ಅವರು ವಾದಿಸಿದರು. ಕ್ರಿಸ್ತ ಮತ್ತೆ ಎದ್ದ ಸುದ್ದಿಯನ್ನು ಮೊದಲು ಹೊತ್ತು ತಂದವರು ಹೆಂಗಸರೇ ಅಂತ ನೆನಪಿಸಿದರು. ಒಳಗಿನ ಗುರುವನ್ನು ಇಟ್ಟುಕೊಂಡು ಗ್ರಂಥ ಓದೋದು ಅಂದರೆ ಏನು ಅಂತ ಯಾರಾದರೂ ಕೇಳಿದರೆ, ನಾನು ಫಾಕ್ಸ್‌ಗಿಂತ ಮೊದಲು ಈ ಹೊತ್ತಿಗೆಯನ್ನೇ ತೋರಿಸ್ತೀನಿ. ಥಾಮಸ್ ಫೆಲ್ ತೀರಿಕೊಂಡು 11 ವರ್ಷದ ಮೇಲೆ, 1669ರಲ್ಲಿ ಮಾರ್ಗರೆಟ್ ಮತ್ತು ಫಾಕ್ಸ್ ಮದುವೆಯಾದರು.

ಅಷ್ಟರಲ್ಲಿ ಫಾಕ್ಸ್ ಸಂಘಟನೆಗೆ ಕೈ ಹಾಕಿದ್ದ. ಊರಿಗೊಂದು ತಿಂಗಳ ಸಭೆ, ಅದರ ಮೇಲೆ ಮೂರು ತಿಂಗಳದ್ದು, ಅದರ ಮೇಲೆ ವರ್ಷದ್ದು. ನಿನಗೆ ಹೊಳೆದದ್ದನ್ನು ಸಭೆಯ ಮುಂದಿಡು. ಎಲ್ಲರೂ ಮೌನವಾಗಿ ಕೂತು ತೂಗಿ ನೋಡಲಿ. ನೇಯ್ಲರ್ ಪ್ರಕರಣ ಕಲಿಸಿದ ಪಾಠ ಇದರ ಹಿಂದೆ ಇತ್ತು ಅಂತಲೇ ನಾನು ಓದ್ತೀನಿ. ಹೆಂಗಸರಿಗೂ ಪ್ರತ್ಯೇಕ ಸಭೆಗಳಾದವು. ಪಾದ್ರಿಯನ್ನು ಇಳಿಸಿ ಸಭೆಯನ್ನು ಕೂರಿಸಿದಂತಾಯ್ತಲ್ಲ ಅಂತ 1670ರ ದಶಕದಲ್ಲಿ ಒಂದು ಬಣ ಸಿಡಿದು ದೂರವಾಯ್ತು. ಅವರ ದೂರು ಪೂರಾ ಸುಳ್ಳಲ್ಲ. ಆದರೆ ಆ ಸಭೆಗಳು ಇಲ್ಲದಿದ್ದರೆ ಆ ಕಾಲದ ಹತ್ತಾರು ಪಂಥಗಳ ಹಾಗೆ ಕ್ವೇಕರರೂ ಚರಿತ್ರೆಯ ಅಡಿಟಿಪ್ಪಣಿ ಆಗಿಬಿಡ್ತಿದ್ದರು.

1671ರಲ್ಲಿ ಫಾಕ್ಸ್ ಬಾರ್ಬಡೋಸ್ ದ್ವೀಪಕ್ಕೆ ಹೋದ. ಕಬ್ಬಿನ ತೋಟಗಳ ಗುಲಾಮರ ಬೆವರಿನ ಮೇಲೆ ನಿಂತ ದ್ವೀಪ. ತೋಟದ ಮಾಲೀಕರಲ್ಲಿ ಕ್ವೇಕರರೂ ಇದ್ದರು. ಗುಲಾಮರನ್ನು ಸೌಮ್ಯವಾಗಿ ನಡೆಸಿಕೊಳ್ಳಿ, ಅವರನ್ನೂ ಪ್ರಾರ್ಥನೆಗೆ ಕೂರಿಸಿ, ಇಂತಿಷ್ಟು ವರ್ಷ ದುಡಿದ ಮೇಲೆ ಬಿಡುಗಡೆ ಮಾಡಿ ಅಂತ ಫಾಕ್ಸ್ ಹೇಳಿದ. ಗುಲಾಮಗಿರಿಯೇ ಪಾಪ ಅಂತ ಹೇಳಲಿಲ್ಲ. ಗವರ್ನರ್‌ಗೆ ಬರೆದ ಪತ್ರದಲ್ಲಿ, ನಾವು ಗುಲಾಮರಿಗೆ ದಂಗೆ ಕಲಿಸ್ತಿಲ್ಲ ಅಂತ ಭರವಸೆಯನ್ನೂ ಕೊಟ್ಟ. ಎಲ್ಲರಿಗೂ ಅಂದರೆ ಎಲ್ಲರಿಗೂ ಅಂದವನ ಮಾತು ಕಬ್ಬಿನ ತೋಟದ ಬೇಲಿಯ ಹತ್ತಿರ ತಡವರಿಸಿತು. ಕಾಲವೇ ಹಾಗಿತ್ತು ಅಂತ ಹೇಳಿ ಇದನ್ನು ದಾಟಿಬಿಡೋದು ನನಗೆ ಒಪ್ಪಿಗೆಯಿಲ್ಲ. ಆ ಕಾಲದ ಎಷ್ಟೋ ವಿಷಯಗಳಿಗೆ ತಲೆಬಾಗದೆ ಜೈಲು ಕಂಡವನು ಅವನು.

1691ರ ಜನವರಿಯಲ್ಲಿ ಫಾಕ್ಸ್ ಲಂಡನ್ನಿನಲ್ಲಿ ತೀರಿಕೊಂಡ. ಅದಕ್ಕೆ ಮೂರು ವರ್ಷ ಮುಂಚೆ, 1688ರಲ್ಲಿ, ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್ ಊರಿನ ನಾಲ್ವರು ವಲಸಿಗರು ಒಂದು ಹಾಳೆಯ ಮೇಲೆ ಸಹಿ ಹಾಕಿದ್ದರು. ಬೇರೆಯವರು ನಮಗೆ ಏನು ಮಾಡಬೇಕು ಅಂತ ಬಯಸ್ತೀವೋ ಅದನ್ನೇ ಅವರಿಗೂ ಮಾಡಬೇಕು ಅನ್ನೋ ಸುವಾರ್ತೆಯ ಮಾತನ್ನು ಹಿಡಿದು, ಮನುಷ್ಯರನ್ನು ಕೊಳ್ಳೋದು, ಮಾರೋದು ತಪ್ಪು ಅಂತ ಅದರಲ್ಲಿ ಬರೆದಿದ್ದರು. ಫಾಕ್ಸ್ ಕಟ್ಟಿದ್ದ ಏಣಿಯನ್ನೇ ಆ ಹಾಳೆ ಹತ್ತಿತು. ತಿಂಗಳ ಸಭೆ ಇದು ನಮ್ಮ ಕೈ ಮೀರಿದ ವಿಷಯ ಅಂತ ಮೂರು ತಿಂಗಳ ಸಭೆಗೆ ಕಳಿಸಿತು. ಅದು ವರ್ಷದ ಸಭೆಗೆ ಕಳಿಸಿತು. ವರ್ಷದ ಸಭೆ ಹಾಳೆಯನ್ನು ಪಕ್ಕಕ್ಕಿಟ್ಟಿತು. ಫಿಲಡೆಲ್ಫಿಯಾದ ಅದೇ ವರ್ಷದ ಸಭೆ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವಂತಿಲ್ಲ ಅಂತ ನಿಷೇಧ ಹಾಕಿದ್ದು 1776ರಲ್ಲಿ, 88 ವರ್ಷಗಳ ನಂತರ.