ಜಪಾನನ್ನು ಹೆಜ್ಜೆಯಲ್ಲಿ ಅಳೆದ ಅಜ್ಜ

ಮಕ್ಕಳೇ, ರಜೆ ಬಂತೆಂದರೆ ನಾಲ್ಕೈದು ಮನೆಯವರು ಸೇರಿ ಕಾರುಗಳಲ್ಲಿ ಹಕೋನೆಗೋ ನಿಕ್ಕೋಗೋ ಹೊರಡ್ತೀವಿ. ಎಲ್ಲರ ಫೋನಲ್ಲೂ ಒಂದೇ ನಕ್ಷೆ. ಕುಗ್ಗಿಸಿದರೆ ಇಡೀ ಜಪಾನ್ ಕಾಣುತ್ತೆ, ಹಿಗ್ಗಿಸಿದರೆ ನಮ್ಮ ಬೀದಿ ಕಾಣುತ್ತೆ. ವಿಮಾನ, ಉಪಗ್ರಹ ಯಾವುದೂ ಇಲ್ಲದ ಕಾಲದಲ್ಲಿ ಇಂಥ ನಕ್ಷೆಯನ್ನು ನಡೆದೇ ತಯಾರಿಸಿದ ಒಬ್ಬ ಅಜ್ಜ ಇದ್ದರು. ಅವರ ಹೆಸರು ಇನೋ ತದತಾಕ.

ತದತಾಕ ಹುಟ್ಟಿದ್ದು 1745ರಲ್ಲಿ, ಈಗಿನ ಚಿಬಾ ಪ್ರಾಂತ್ಯದ ಕುಜುಕುರಿ ಕಡಲತೀರದ ಒಂದು ಹಳ್ಳಿಯಲ್ಲಿ. ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. 17ನೇ ವಯಸ್ಸಿಗೆ ಸವಾರಾ ಊರಿನ ಇನೋ ಮನೆತನಕ್ಕೆ ಮನೆಅಳಿಯನಾಗಿ ಹೋದರು. ಅಲ್ಲಿ ಸಾಕೆ ತಯಾರಿಕೆ, ಅಕ್ಕಿ ವ್ಯಾಪಾರ. ಸೊರಗಿದ್ದ ಆ ಮನೆಯನ್ನು ದುಡಿದು ಮೇಲಕ್ಕೆ ತಂದರು. 1780ರ ದಶಕದ ಭೀಕರ ಬರಗಾಲದಲ್ಲಿ ಊರಿನ ಬಡವರಿಗೆ ಅಕ್ಕಿ ಕೊಟ್ಟು ಕಾಪಾಡಿದರು.

50ರ ಹೊತ್ತಿಗೆ ವ್ಯವಹಾರವನ್ನೆಲ್ಲ ಮಗನಿಗೆ ಒಪ್ಪಿಸಿ ಎದೋಗೆ, ಅಂದರೆ ಇವತ್ತಿನ ಟೋಕಿಯೋಗೆ ಬಂದರು. ವಿಶ್ರಾಂತಿ ಪಡೆಯೋಕಲ್ಲ, ಓದೋಕೆ! ಖಗೋಳ ಶಾಸ್ತ್ರ ಕಲಿಯಲು ತಕಾಹಾಶಿ ಯೋಶಿತೋಕಿ ಎಂಬ ಪಂಡಿತರ ಶಿಷ್ಯರಾದರು. ಗುರುಗಳು ಶಿಷ್ಯನಿಗಿಂತ 19 ವರ್ಷ ಚಿಕ್ಕವರು! ವಿದ್ಯೆಗೆ ವಯಸ್ಸಿಲ್ಲ ಅಂತ ನಮ್ಮಲ್ಲಿ ಹೇಳೋದು ಇದನ್ನೇ.

ಭೂಮಿ ಎಷ್ಟು ದೊಡ್ಡದು ಎಂಬ ಪ್ರಶ್ನೆ ತದತಾಕರನ್ನು ಕಾಡುತ್ತಿತ್ತು. ಫುಕಗಾವಾದ ತಮ್ಮ ಮನೆಯಿಂದ ಅಸಾಕುಸಾದ ವೀಕ್ಷಣಾಲಯದವರೆಗೆ ಅಳೆದು ಲೆಕ್ಕ ಹಾಕಿದರು. ಅಷ್ಟು ಹತ್ತಿರದ ಅಳತೆ ಸಾಲದು, ಉತ್ತರದ ಎಜೋವರೆಗಾದರೂ ಅಳೆಯಬೇಕು ಎಂದರು ಗುರುಗಳು. ಎಜೋ ಅಂದರೆ ಈಗಿನ ಹೊಕ್ಕೈಡೋ. ಆಗ ಆ ಕಡೆ ರಷ್ಯಾದ ಹಡಗುಗಳು ಬರುತ್ತಿದ್ದುದರಿಂದ ಸರ್ಕಾರಕ್ಕೂ ಕರಾವಳಿಯ ನಕ್ಷೆ ಬೇಕಿತ್ತು. ಅನುಮತಿ ಸಿಕ್ಕಿತು. ಆದರೆ ಖರ್ಚಿನ ಹೆಚ್ಚಿನ ಪಾಲು ಅವರದ್ದೇ.

1800ರಲ್ಲಿ, 55ನೇ ವಯಸ್ಸಿನಲ್ಲಿ, ಒಂದು ಚಿಕ್ಕ ತಂಡ ಕಟ್ಟಿಕೊಂಡು ಹೊರಟರು. ವಿಶೇಷ ಗೊತ್ತಾ? ಅದೇ ವರ್ಷ ನಮ್ಮ ಬೆಂಗಳೂರಿನಲ್ಲೂ ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ಉಕ್ಕಿನ ಸರಪಳಿ ಹಿಡಿದು ನೆಲ ಅಳೆಯುತ್ತಿದ್ದರು.

ಮೊದಲ ಪ್ರಯಾಣದಲ್ಲಿ ಹೆಜ್ಜೆಯೇ ಅಳತೆಗೋಲು. ಒಂದು ಹೆಜ್ಜೆಗೆ ಸುಮಾರು 69 ಸೆಂಟಿಮೀಟರ್. ಏರು, ಇಳಿಜಾರು, ಕಲ್ಲು, ಮರಳು ಏನೇ ಬರಲಿ, ಒಂದೇ ಸಮನೆ ಹೆಜ್ಜೆ ಇಡುತ್ತಾ ಎಣಿಸಬೇಕು. 180 ದಿನಗಳಲ್ಲಿ ಸುಮಾರು 3,200 ಕಿಲೋಮೀಟರ್! ಮುಂದಿನ ಪ್ರಯಾಣಗಳಲ್ಲಿ ಹಗ್ಗ, ಸರಪಳಿ ಬಳಸಿದರು. ದಾರಿ ತಿರುಗಿದ ಕಡೆಯೆಲ್ಲ ಕೋಲಿನ ತುದಿಯ ದಿಕ್ಸೂಚಿಯಿಂದ ದಿಕ್ಕು ನೋಡುತ್ತಿದ್ದರು. ದೂರದ ಒಂದೇ ಬೆಟ್ಟವನ್ನು ಬೇರೆಬೇರೆ ಜಾಗದಿಂದ ನೋಡಿ ತಪ್ಪು ತಿದ್ದಿಕೊಳ್ಳುತ್ತಿದ್ದರು. ರಾತ್ರಿ ನಕ್ಷತ್ರಗಳ ಎತ್ತರ ಅಳೆಯುತ್ತಿದ್ದರು. ವಾಮನ ಮೂರೇ ಹೆಜ್ಜೆಯಲ್ಲಿ ಲೋಕ ಅಳೆದ, ಈ ಅಜ್ಜನಿಗೆ ಕೋಟಿಗಟ್ಟಲೆ ಹೆಜ್ಜೆ ಬೇಕಾಯ್ತು.

1816ರವರೆಗೆ ತಂಡ ಹತ್ತು ಬಾರಿ ಪ್ರಯಾಣ ಮಾಡಿತು. ಒಂಬತ್ತನೆಯದಕ್ಕೆ ಮಾತ್ರ ವಯಸ್ಸಿನ ಕಾರಣ ತದತಾಕ ಹೋಗಲಿಲ್ಲ. ಭೂಮಿಯ ಪ್ರಶ್ನೆಗೂ ಉತ್ತರ ಸಿಕ್ಕಿತ್ತು. ಅಕ್ಷಾಂಶದ ಒಂದು ಡಿಗ್ರಿಗೆ ಅವರು ಕಂಡುಕೊಂಡ ದೂರ ಸುಮಾರು 110.7 ಕಿಲೋಮೀಟರ್. ಇಂದಿನ ಲೆಕ್ಕಕ್ಕೆ ತೀರಾ ಹತ್ತಿರ!

1818ರಲ್ಲಿ, ನಕ್ಷೆ ಪೂರ್ತಿಯಾಗುವ ಮೊದಲೇ ತದತಾಕ ತೀರಿಕೊಂಡರು. ಶಿಷ್ಯರು ಸಾವಿನ ಸುದ್ದಿಯನ್ನು ಗುಟ್ಟಾಗಿಟ್ಟು ಕೆಲಸ ಮುಂದುವರಿಸಿದರು. 1821ರಲ್ಲಿ ನಕ್ಷೆ ಸರ್ಕಾರದ ಕೈಸೇರಿತು. ಅದು ಮೂರು ಅಳತೆಗಳಲ್ಲಿತ್ತು: ದೊಡ್ಡದು 214 ಹಾಳೆ, ಮಧ್ಯಮ 8 ಹಾಳೆ, ಚಿಕ್ಕದು 3 ಹಾಳೆ. ದೊಡ್ಡದರಲ್ಲಿ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 360 ಮೀಟರ್. ಚಿಕ್ಕದರಲ್ಲಿ 4 ಕಿಲೋಮೀಟರಿಗೂ ಹೆಚ್ಚು. ಊರು ಹುಡುಕಲು ದೊಡ್ಡದು, ಇಡೀ ದೇಶ ನೋಡಲು ಚಿಕ್ಕದು. ಅಳೆದ ದಾರಿಗೆ ಕೆಂಪು ಗೆರೆ, ಊರುಗಳ ಹೆಸರು, ಬೆಟ್ಟಗಳ ಚಿತ್ರ. ಯಾರು ನೋಡಿದರೂ ಅರ್ಥವಾಗಬೇಕು!

ಆದರೆ ಯಾರೂ ನೋಡುವ ಹಾಗಿರಲಿಲ್ಲ. ಶತ್ರುಗಳ ಕೈಗೆ ಸಿಕ್ಕೀತೆಂದು ಸರ್ಕಾರ ನಕ್ಷೆಯನ್ನು ಗುಟ್ಟಾಗಿಟ್ಟಿತು. ಗುರುಗಳ ಮಗ ಕಾಗೆಯಾಸು, ಸೀಬೋಲ್ಡ್ ಎಂಬ ವಿದೇಶಿ ವೈದ್ಯರಿಗೆ ಅದರ ಪ್ರತಿ ಕೊಟ್ಟಿದ್ದಕ್ಕೆ 1828ರಲ್ಲಿ ಸೆರೆಯಾಗಿ, ಸೆರೆಮನೆಯಲ್ಲೇ ಸತ್ತರು. ದಾರಿ ತೋರಿಸಬೇಕಾದ ನಕ್ಷೆ ಹಲವು ವರ್ಷ ದಾರಿಹೋಕರಿಗೆ ಸಿಗಲೇ ಇಲ್ಲ. ಮೇಜಿ ಕಾಲದಲ್ಲಿ ಹೊಸ ನಕ್ಷೆಗಳಿಗೆ ಅವರ ಅಳತೆಗಳು ಆಧಾರವಾದವು.

ಮೂಲ ನಕ್ಷೆ 1873ರ ಬೆಂಕಿಯಲ್ಲಿ ಸುಟ್ಟಿತು. ಇನೋ ಮನೆತನದ ಪ್ರತಿ 1923ರ ಭೂಕಂಪದಲ್ಲಿ ಹೋಯಿತು. ಇನ್ನು ಸಿಗಲ್ಲ ಅಂದುಕೊಂಡಿದ್ದಾಗ, 2001ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ದೊಡ್ಡ ನಕ್ಷೆಯ 207 ಹಾಳೆಗಳ ಪ್ರತಿ ಸಿಕ್ಕಿತು!

ಟೋಕಿಯೋದ ತೊಮಿಯೋಕಾ ಹಚಿಮಾನ್ ದೇಗುಲದಲ್ಲಿ ಪ್ರಯಾಣಕ್ಕೆ ಮೊದಲು ತದತಾಕ ಕೈಮುಗಿಯುತ್ತಿದ್ದರು. ಈಗ ಅಲ್ಲಿ ಹೆಜ್ಜೆ ಹಾಕುತ್ತಿರುವ ಅವರ ಪ್ರತಿಮೆ ಇದೆ. ಸವಾರಾದಲ್ಲಿ ಅವರ ಮನೆ, ವಸ್ತುಸಂಗ್ರಹಾಲಯ ಇವೆ. ಅಪ್ಪ ಅಮ್ಮಂದಿರೇ, ಮುಂದಿನ ಪ್ರವಾಸಕ್ಕೆ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ. ನಕ್ಷೆ ನೋಡಿ ದಾರಿ ಹೇಳುವ ಕೆಲಸ ಅವರಿಗೇ ಕೊಡಿ.