ಹದಿನೇಳು ಅಂಕಿಯ ಸಂಖ್ಯೆ, ಬಿಎಸ್ಸಿ ಮೇಷ್ಟ್ರು

ಒಂಬತ್ತು ಸಲ 1 ಬರೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. 12345678987654321 ಬರುತ್ತೆ. ಗಣಿತದ ಪವಾಡ ಅಂತ ಈ ಲೆಕ್ಕ ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಆಗ್ತಾನೇ ಇರುತ್ತೆ. ಇಂಥ ಸಂಖ್ಯೆಗಳಿಗಾಗಿ ಜೀವ ತೇಯ್ದ ಮೇಷ್ಟ್ರೊಬ್ಬರ ಹೆಸರು ಮಾತ್ರ ನನಗೆ ಬಂದ ಯಾವ ಫಾರ್ವರ್ಡಿನಲ್ಲೂ ಇರಲಿಲ್ಲ.

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹುಟ್ಟಿದ್ದು 1905ರಲ್ಲಿ, ಈಗಿನ ಮಹಾರಾಷ್ಟ್ರದ ಡಹಾಣುವಿನಲ್ಲಿ. ತಂದೆ ಗುಮಾಸ್ತರು. ಎಂಟನೇ ವಯಸ್ಸಿಗೇ ತಾಯಿ ತೀರಿಕೊಂಡರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿದ್ದಾಗ, 1927ರಲ್ಲಿ, ರ್‍ಯಾಂಗ್ಲರ್ ಪರಾಂಜಪೆ ಹೆಸರಿನ ಗಣಿತ ಬಹುಮಾನ ಬಂತು. 1929ರಲ್ಲಿ ಬಿಎಸ್ಸಿ. ಪದವಿಗಳ ಲೆಕ್ಕ ಅಲ್ಲಿಗೆ ಮುಗೀತು. 1930ರಿಂದ 1962ರವರೆಗೆ ಅವರು ನಾಶಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು.

ಮುಂಬೈ ಬಳಿಯ ಡೆಮ್ಲೊ, ಅಂದರೆ ಈಗಿನ ಡೊಂಬಿವಲಿ, ರೈಲು ನಿಲ್ದಾಣದಲ್ಲಿ ಅವರಿಗೊಂದು ಯೋಚನೆ ಹೊಳೆಯಿತು. ಆ ಬಗೆಯ ಸಂಖ್ಯೆಗಳಿಗೆ ನಿಲ್ದಾಣದ ಹೆಸರನ್ನೇ ಇಟ್ಟರು. ಡೆಮ್ಲೊ ಸಂಖ್ಯೆಯಲ್ಲಿ ಎರಡು ತುದಿಗಳನ್ನು ಕೂಡಿದರೆ ನಡುವಿನ ಅಂಕಿಯೇ ಬರಬೇಕು. 165ರಲ್ಲಿ 1ಕ್ಕೆ 5 ಸೇರಿದರೆ 6. ನಮ್ಮ ದೊಡ್ಡ ಸಂಖ್ಯೆಯಲ್ಲಿ ನಡುವಿನ 9 ಬಿಟ್ಟು, ಎಡಗಡೆಯ 12345678ಕ್ಕೆ ಬಲಗಡೆಯ 87654321 ಕೂಡಿ ನೋಡಿ: 99999999. ಎಲ್ಲ ಅಂಕಿಗಳ ಮೊತ್ತ 81, ಅದು 9ರ ವರ್ಗ. ಪವಾಡ ಏನೂ ಇಲ್ಲ. ಗುಣಿಸುವಾಗ ಪ್ರತಿ ಸ್ಥಾನದಲ್ಲೂ ನಾವು ಕೂಡೋದು ಬರೀ ಒಂದುಗಳನ್ನು. ಮೊತ್ತ ಒಂಬತ್ತು ದಾಟದ ಕಾರಣ ಮುಂದಿನ ಸ್ಥಾನಕ್ಕೆ ದಶಕ ಹೋಗಲ್ಲ. ಹತ್ತು ಒಂದುಗಳನ್ನು ಇಟ್ಟುಕೊಂಡರೆ ನಡುವೆ 10 ಹುಟ್ಟಿ, ಉತ್ತರ 1234567900987654321 ಆಗುತ್ತೆ. ಚಂದ ಅಲ್ಲಿಗೇ ಮುರಿಯಿತು.

ಇದೇ ಸಂಖ್ಯೆಯನ್ನು ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೂ ಈ ಏರಿಳಿತ ಕಾಣಲ್ಲ. ಹಾಗಾಗಿ ಇದು ಬರೀ ಅಂಕಿಗಳ ಆಟ, ಗಂಭೀರ ಗಣಿತವಲ್ಲ ಅನ್ನೋ ವಾದ ಇದೆ. ಇಂಜಿನಿಯರಿಂಗ್ ಓದಿದ ನಾನು ಅದರಲ್ಲಿ ಅರ್ಧ ಒಪ್ತೀನಿ. ಆದರೆ ಕೆಲಸವನ್ನು ತೂಗೋದು ಬೇರೆ, ಮಾಡಿದವರ ಕೆಲಸದ ಜಾಗ ನೋಡಿ ತೂಗೋದು ಬೇರೆ. ದೇಶದ ಬಹುಪಾಲು ಗಣಿತಜ್ಞರು ಅವರನ್ನು ಗಂಭೀರವಾಗಿ ತಗೊಳ್ಳಲಿಲ್ಲ. ಶಾಲಾ ಮೇಷ್ಟ್ರು ಅನ್ನೋದೂ ಅದಕ್ಕೊಂದು ಕಾರಣ ಎಂಬುದು ನನ್ನ ಗುಮಾನಿ. ಎಷ್ಟೋ ಬರಹಗಳನ್ನು ಅವರು ತಾವೇ ಅಚ್ಚು ಹಾಕಿಸಿದರು. ಇವತ್ತು ಅವರ ಹೆಸರಿನಲ್ಲಿ ಜಗತ್ತೇ ಗುರುತಿಸುವ 6174ರ ಗುಣವನ್ನು 1949ರಲ್ಲೇ ಮದರಾಸಿನ ಗಣಿತ ಸಮ್ಮೇಳನದ ಮುಂದಿಟ್ಟಿದ್ದರು.

1966ರಲ್ಲಿ ಹೆಂಡತಿ ತೀರಿಕೊಂಡರು. ಪಿಂಚಣಿ ಸಾಲುತ್ತಿರಲಿಲ್ಲ. ನಾಶಿಕ್‌ನಲ್ಲಿ ಅಗ್ಗದ ಬಾಡಿಗೆಯ ಕೋಣೆ, ಜೊತೆಗೆ ಗಣಿತ, ವಿಜ್ಞಾನದ ಟ್ಯೂಷನ್. ಗಣಿತದಲ್ಲಿ ನಾವೇ ವಿಶ್ವಗುರು ಅನ್ನೋ ಭಾಷಣಗಳಲ್ಲಿ ಈ ಪಿಂಚಣಿಯ ಲೆಕ್ಕ ಬರಲ್ಲ ಬಿಡಿ.

1975ರ ಮಾರ್ಚ್‌ನಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಅವರ ಬಗ್ಗೆ ಬರೆದರು. ಆಮೇಲೆ ಇಲ್ಲಿಯವರೂ ತಿರುಗಿ ನೋಡಿದರು. ಕಾಪ್ರೇಕರ್‌ಗೆ ಆಗ ಎಪ್ಪತ್ತು ತುಂಬಿತ್ತು. ಇನ್ನು ಹನ್ನೊಂದು ವರ್ಷ ಬದುಕಿದ್ದರು.